ಅತ್ತಿಗೆಯ ಮೂವತ್ತೊಂದನೆಯ ದಿನ

ನನ್ನ ಅತ್ತಿಗೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ದೊಡ್ಡ ಮನಸ್ಸಿನವಳು ಅಂದುಕೊಳ್ಳುವುದು ಬೇಡ. ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ಸೂರು ಒಂದು, ಒಲೆ ಎರಡು. ಎದುರಿಗೆ 'ನೀವು' ಅನ್ನುತ್ತೇನೆ, ಬೆನ್ನ ಹಿಂದೆ 'ಅವಳು'.

ಅವಳು ಕೋರ್ಟಿನ ಜಗಲಿಯಲ್ಲಿ ಮೂವತ್ತು ವರ್ಷ ಅರ್ಜಿ ಟೈಪ್ ಮಾಡಿದವಳು. ಲಾಯರು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ವಾಕ್ಯ ಅವಳ ಕೈಗೆ ಗೊತ್ತಾಗಿರುತ್ತದೆ. ನಾನು ಹಲ್ಲುಜ್ಜುವ ಮೊದಲೇ ಮುಂದಿನ ಕೋಣೆಯಲ್ಲಿ ಅವಳ ಯಂತ್ರದ ಟಕಟಕ ಶುರು. ಸಾಲು ಮುಗಿಯುತ್ತ ಬಂದಾಗ ಟಿಣ್ ಎಂದು ಗಂಟೆ, ಅದರ ಹಿಂದೆಯೇ ಯಂತ್ರವನ್ನು ಮುಂದಿನ ಸಾಲಿಗೆ ತಳ್ಳುವ ಕರಕರ. ವರ್ಷಗಟ್ಟಲೆ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ಕಂಪ್ಯೂಟರಿನಲ್ಲಿ ಮುದ್ರಿಸಿದ್ದನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಕೋರ್ಟು ಹೇಳಿದಾಗ ಅವಳು ಕೋರ್ಟಿನ ಎದುರಿನ ಅಂಗಡಿಯಿಂದ ಒಂದು ಹಳೆಯ ಕಂಪ್ಯೂಟರು ಮನೆಗೆ ತಂದಳು. ಅಂಗಡಿಯವನು ನಗುನಗುತ್ತಲೇ ಅದರಲ್ಲಿ ಬರೆಯುವ ಸಾಫ್ಟ್‌ವೇರೂ ಹಾಕಿಕೊಟ್ಟ. ಮೂವತ್ತು ದಿನ ಕಳೆದರೆ ಅದಕ್ಕೆ ಬೀಗ ಬೀಳುತ್ತದೆ ಎಂಬುದನ್ನು ಮಾತ್ರ ನುಂಗಿಕೊಂಡ. ಅವನ ಅಂಗಡಿಯಲ್ಲೂ ಟೈಪಿಂಗ್ ಮಾಡಿಕೊಡುತ್ತಾರೆ ಎಂಬುದನ್ನು ನೀವು ನೆನಪಿಟ್ಟುಕೊಳ್ಳಿ.

ಮೂವತ್ತೊಂದನೆಯ ದಿನ ಶುಕ್ರವಾರ. ಲಾಯರೊಬ್ಬರ ನೂರು ಪುಟದ ಮೇಲ್ಮನವಿಯಲ್ಲಿ ಎಂಬತ್ತಾರು ಪುಟ ಮುಗಿದಿತ್ತು. ಸೋಮವಾರ ಹತ್ತು ಗಂಟೆಗೆ ಕೊಡಬೇಕು. ಈ ಸಲ ತಡವಾದರೆ ಇನ್ನುಮೇಲೆ ತಮ್ಮ ಕೆಲಸವೆಲ್ಲ ಎದುರಿನ ಅಂಗಡಿಗೇ ಎಂದು ಅವರು ಹೇಳಿದ್ದರು. ಅವಳಿಗೆ ಉಳಿದಿದ್ದ ಗಟ್ಟಿ ಗಿರಾಕಿ ಅವರೊಬ್ಬರೇ. ಆ ಬೆಳಿಗ್ಗೆ ಪರದೆಯ ಮೇಲೆ ಕೆಂಪು ಪಟ್ಟಿ ಬಂತು. ಬರೆದದ್ದನ್ನು ಓದಬಹುದು, ಒಂದು ಚುಕ್ಕೆ ಸೇರಿಸುವ ಹಾಗಿಲ್ಲ.

ಅವಳು ಅಂಗಡಿಗೆ ಹೋಗಿ ಜಗಳವಾಡಿ ಬಂದಳು. ಅದರ ವರದಿಯನ್ನು ನನಗೆ ಕೇಳಿಸುವ ಹಾಗೆ ಗೋಡೆಗೆ ಒಪ್ಪಿಸಿದಳು. ಆ ಸಾಫ್ಟ್‌ವೇರಿನ ಬೆಲೆ ಅವಳ ಕಂಪ್ಯೂಟರಿಗಿಂತ ಹೆಚ್ಚಂತೆ. ಬೇಡವಾದರೆ ಕದ್ದ ಪ್ರತಿಯೊಂದನ್ನು ಹಾಕಿಕೊಡುತ್ತಾನಂತೆ. ಅದೂ ಬೇಡವಾದರೆ ಎಂಬತ್ತಾರು ಪುಟವನ್ನು ಅವನ ಕೈಗೆ ಕೊಟ್ಟುಬಿಡಬೇಕಂತೆ, ಲಾಯರಿಗೆ ಅವನೇ ಮುಟ್ಟಿಸುತ್ತಾನಂತೆ.

"ಮೂವತ್ತು ವರ್ಷ ಕಳ್ಳತನದ ಕೇಸು ಟೈಪ್ ಮಾಡಿದ ಕೈ ಇದು," ಅಂದಳು ಗೋಡೆಗೆ. "ಕದ್ದ ಮಾಲು ನನ್ನ ಹೊಸಿಲು ದಾಟಲ್ಲ."

ಈಗ ನನ್ನ ವಿಷಯ. ನಾನು ಲೈಬ್ರರಿಯಲ್ಲಿ ಗುಮಾಸ್ತೆ. ಅಲ್ಲಿನ ಎಂಟು ಕಂಪ್ಯೂಟರುಗಳಲ್ಲೂ ಇರುವುದು ಪುಕ್ಕಟೆ ಸಾಫ್ಟ್‌ವೇರು. ಅದು ಕದ್ದದ್ದಲ್ಲ, ಮಾಡಿದವರೇ ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟದ್ದು. ಅವಳ ಪರದೆಯ ಮೂಲೆಯಲ್ಲಿ 'ಇನ್ನು ಮೂವತ್ತು ದಿನ' ಎಂಬ ಸಣ್ಣ ಅಕ್ಷರವನ್ನು ನಾನು ಮೊದಲ ದಿನವೇ ನೋಡಿದ್ದೆ. ನೋಡಿ ತುಟಿ ಪಿಟಕ್ಕೆನ್ನಲಿಲ್ಲ. ಒಂದು ದಿನವಾದರೂ ಅವಳ ಟೈಪಿಂಗ್ ನಿಲ್ಲಲಿ ಎಂದು ಆಸೆಯಿತ್ತು, ಮರೆಮಾಚುವುದೇನು?

ಸ್ವಲ್ಪ ಹೊತ್ತಿಗೆ ಅವಳು ನನ್ನ ಒಲೆಯ ಹತ್ತಿರ ಬಂದು ನಿಂತಳು. ಒಲೆ ಬೇರೆಯಾದ ಮೇಲೆ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು.

"ನಿಮ್ಮ ಲೈಬ್ರರೀಲಿ ಏನಾದ್ರೂ ಇದೆಯಾ?"

"ನೋಡ್ತೀನಿ," ಅಂದೆ, ಏನೂ ತಿಳಿಯದವಳ ಹಾಗೆ.

ಶನಿವಾರ ಪೆನ್ ಡ್ರೈವಿನಲ್ಲಿ ತಂದು ಹಾಕಿದೆ. ಮೇಲ್ಮನವಿ ತೆರೆದುಕೊಂಡಿತು, ಆದರೆ ನೋಡುವ ಹಾಗಿರಲಿಲ್ಲ. ಒಂದು ಪೂರ್ತಿ ಸಾಲು, ಅದರ ಕೆಳಗೆ ಎರಡೇ ಪದ, ಮತ್ತೆ ಪೂರ್ತಿ ಸಾಲು, ಮತ್ತೆ ಎರಡು ಪದ. ಎಂಬತ್ತಾರು ಪುಟವೂ ಇಲಿ ಕಡಿದ ಸೀರೆಯ ಹಾಗೆ.

"ಬೇಕಂತಲೇ ಮಾಡಿದೀಯ," ಅಂದಳು. "ನಾನು ಮೂಲೆ ಸೇರ್ಲಿ ಅಂತ."

ನನಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡಿದಾಗ ಸಿಕ್ಕಿಬೀಳದೆ, ಮಾಡದಿದ್ದಾಗ ಸಿಕ್ಕಿಬಿದ್ದರೆ ಉರಿಯದೆ ಇನ್ನೇನು? ನೀವೇ ನಾಲ್ಕು ಸಾಲು ಟೈಪ್ ಮಾಡಿ ತೋರಿಸಿ ಎಂದು ಕುರ್ಚಿ ಎಳೆದುಕೊಟ್ಟೆ. ಆಗ ಕಣ್ಣಿಗೆ ಬಿತ್ತು. ಸಾಲು ತುಂಬುತ್ತ ಬಂದಂತೆ ಅವಳ ಬಲಗೈ ತಾನಾಗಿ ಎದ್ದು ಎಂಟರ್ ಗುಂಡಿ ಒತ್ತಿತು. ಮುಂದಿನ ಸಾಲಿಗೂ ಹಾಗೆಯೇ. ಕಂಪ್ಯೂಟರಿನಲ್ಲಿ ಗಂಟೆ ಬಾರಿಸುವುದಿಲ್ಲ, ಅವಳ ಕೈ ಒಳಗೊಳಗೇ ಬಾರಿಸಿಕೊಳ್ಳುತ್ತಿತ್ತು. ಒಂದೊಂದು ಸಾಲಿಗೂ ಹೀಗೆ ಗಂಟು ಹಾಕಿದ್ದಳು. ಹೊಸ ಸಾಫ್ಟ್‌ವೇರಿನಲ್ಲಿ ಅಕ್ಷರ ಕೂದಲೆಳೆಯಷ್ಟು ಹೆಚ್ಚು ಅಗಲ, ಗಂಟಿನೊಳಗೆ ಹಿಡಿಸದೆ ಎರಡೆರಡು ಪದ ಕೆಳಗೆ ಉದುರಿದ್ದವು.

"ಸಾಲನ್ನು ಅದೇ ತಿರುಗಿಸ್ಕೊಳ್ಳುತ್ತೆ. ಪ್ಯಾರಾ ಮುಗಿದಾಗ ಮಾತ್ರ ಒತ್ತಬೇಕು," ಅಂದೆ.

"ಒಂದು ತಿಂಗಳಿಂದ ಯಾರೂ ಹೇಳಲೇ ಇಲ್ಲವಲ್ಲ."

ನಾನು ಮೊದಲ ಸಾಲಿನ ಕೊನೆಯ ಎಂಟರ್ ಅಳಿಸಿ ತೋರಿಸಿದೆ.

ಭಾನುವಾರ ಬೆಳಿಗ್ಗೆಯಿಂದ ಒಂದೇ ಬೆಂಚಿನ ಮೇಲೆ ಕೂತೆವು. ಪ್ಯಾರಾ ಎಲ್ಲೆಲ್ಲಿ ಮುಗಿಯುತ್ತದೆ ಎಂದು ಅವಳು ತೋರಿಸಿದಳು, ಉಳಿದ ಕಡೆ ನಾನು ಗಂಟು ಬಿಚ್ಚಿದೆ. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನಾನು ನಿಧಾನ ಎಂದು ಅವಳು ಎರಡು ಸಲ ಗೊಣಗಿದಳು, ಮೂರನೆಯ ಸಲ ಮೊಣಕೈಯಿಂದ ತಳ್ಳಿ ತಾನೇ ಬಿಚ್ಚತೊಡಗಿದಳು. ಮಧ್ಯಾಹ್ನಕ್ಕೆ ಗಂಟೆಲ್ಲ ಬಿಚ್ಚಿತು, ಸಂಜೆಯ ಹೊತ್ತಿಗೆ ಉಳಿದ ಹದಿನಾಲ್ಕು ಪುಟವೂ ಮುಗಿಯಿತು. ಸೋಮವಾರ ಲಾಯರು ಪುಟ ತಿರುವಿ ನೋಡಿ, ಮುಂದಿನ ಕಟ್ಟನ್ನು ಅವಳ ಕೈಗೇ ಹಾಕಿದರಂತೆ.

ಎರಡು ವಾರದ ನಂತರ ಲೈಬ್ರರಿಯ ಕಾಗದಕ್ಕೆಂದು ಕೋರ್ಟಿಗೆ ಹೋಗಿದ್ದೆ. ಎದುರಿನ ಅಂಗಡಿಯವನು ಬಾಗಿಲಲ್ಲಿ ನಿಂತು ಜಗಲಿಯ ಕಡೆಗೆ ಹಲ್ಲು ಕಡಿಯುತ್ತಿದ್ದ. ಜಗಲಿಯ ಕಂಬಕ್ಕೆ ಒಂದು ಹಾಳೆ ಅಂಟಿಸಿತ್ತು, ಟೈಪಿಸ್ಟುಗಳು ಮುತ್ತಿಕೊಂಡು ಓದುತ್ತಿದ್ದರು. ಪುಕ್ಕಟೆ ಸಾಫ್ಟ್‌ವೇರು ಬೇಕಾದವರು ಪೆನ್ ಡ್ರೈವ್ ತನ್ನಿ, ಸಾಲು ಮುಗಿದಾಗ ಎಂಟರ್ ಒತ್ತಬೇಡಿ, ಎಂದಿತ್ತು. ಅಂಚು ನೂಲು ಹಿಡಿದ ಹಾಗೆ ನೇರ, ಯಾರ ಕೈಯೆಂದು ಕೇಳಬೇಕಾಗಿಯೇ ಇರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೆರಡು ಸಾಲಿತ್ತು.

'ಇದನ್ನು ತಂದುಕೊಟ್ಟವಳು ನನ್ನ ನಾದಿನಿ. ನಾನು ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದಳು.'

ನಾನು ಕಾಗದದ ಕೆಲಸ ಮುಗಿಸದೆ ಮನೆಗೆ ಬಂದೆ. ಮುಂದಿನ ಕೋಣೆಯಲ್ಲಿ ಅವಳು ಟೈಪ್ ಮಾಡುತ್ತಿದ್ದಳು, ಈಗ ಸದ್ದೇ ಇಲ್ಲ. ಆ ಸಣ್ಣ ಅಕ್ಷರವನ್ನು ಮೊದಲ ದಿನವೇ ನೋಡಿದ್ದೆ ಎಂದು ಹೇಳಲು ಬಾಗಿಲವರೆಗೆ ಹೋದೆ. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.