ಸೀಮೆಸುಣ್ಣ ಕೆಳಗಿಟ್ಟ ಮೇಲೆ

ತ್ಯಾಮಗೊಂಡ್ಲು ಕಡೆಯ ಒಂದು ಪ್ರೌಢಶಾಲೆ. ಅಲ್ಲಿ ಹಿಂದೆ ಗಂಟೆ ಎಂದರೆ ರೈಲು ಕಂಬಿಯ ಒಂದು ತುಂಡು. ಹೊಂಗೆಮರದ ಕೊಂಬೆಗೆ ತಂತಿಯಲ್ಲಿ ಕಟ್ಟಿದ್ದರು. ಇಪ್ಪತ್ತಾರು ವರ್ಷ ಅದನ್ನು ಹೊಡೆದವನು ಜವಾನ ಪಾಪಯ್ಯ. ಅವನು ಸತ್ತು ಒಂದೂವರೆ ವರ್ಷವಾಯಿತು. ಶಾಲೆಗೆ ಕರೆಂಟಿನ ಗಂಟೆ ಬಂತು. ಅದು ತನ್ನಷ್ಟಕ್ಕೆ ತಾನೇ ಬಡಿದುಕೊಳ್ಳುತ್ತದೆ. ಕಂಬಿಯನ್ನು ಮಾತ್ರ ಯಾರೂ ಬಿಚ್ಚಲಿಲ್ಲ.

ಪಾಪಯ್ಯನ ಹೆಂಡತಿ ಮುನಿವೆಂಕಟಮ್ಮ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಕಂಬಿಗೆ ಹೊಡೆಯುವ ಕಬ್ಬಿಣದ ಬೋಲ್ಟು ಅವಳ ಹತ್ತಿರವೇ ಉಳಿದಿತ್ತು. ಅದನ್ನು ಅನ್ನದ ತಪ್ಪಲೆಯ ಮುಚ್ಚಳದ ಮೇಲೆ ಭಾರಕ್ಕೆ ಇಡುತ್ತಿದ್ದಳು. ಅನ್ನ ಕುದಿಯುವಾಗ ಮುಚ್ಚಳ ಅಲುಗಾಡಿ ಬೋಲ್ಟು ಟಿಣಿ ಟಿಣಿ ಎನ್ನುವುದು. ಆಗ ಆವಿಯ ಆಚೆ ಒಂದು ಖಾಕಿ ಅಂಗಿ ನಿಂತಿರುವುದು. ಅವಳಿಗೆ ಹೆದರಿಕೆಯೇನಿಲ್ಲ. ಬಂದ್ಯಾ ಎಂದು ಮನಸ್ಸಿನಲ್ಲೇ ಕೇಳುವಳು. ಅವನು ಏನೂ ಹೇಳುವುದಿಲ್ಲ. ಬದುಕಿದ್ದಾಗಲೂ ಮಾತು ಕಮ್ಮಿಯೇ.

"ಅಕ್ಕಾ, ಎಲ್ಲೋದೆ? ಸಾರು ತಳ ಹತ್ತೈತೆ!" ಎಂದು ಜೊತೆಯ ಅಡುಗೆಯವಳು ಲಕ್ಕಮ್ಮ ಕೂಗಬೇಕು.

"ಇಲ್ಲೇ ಇವ್ನಿ."

"ಮೈ ಇಲ್ಲೈತೆ. ನೀನು ಯಾವ ಬಸ್ಸು ಹತ್ತಿದ್ಯೋ ಆ ಶಿವನೇ ಬಲ್ಲ."

ಗಂಟೆ ಹೊಡೆಯುವುದಕ್ಕೆ ಪಾಪಯ್ಯನದೇ ಒಂದು ರೀತಿ ಇತ್ತು. ಗಡಿಯಾರ ನೋಡುವನು. ಬೋಲ್ಟು ಹಿಡಿದು ಮರದ ಕೆಳಗೆ ಹೋಗುವನು. ಅಲ್ಲಿಂದ ಹತ್ತನೇ ಕ್ಲಾಸಿನ ಕಿಟಕಿ ಕಾಣುತ್ತದೆ. ಒಳಗೆ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರೆ ಮಾತ್ರ ಹೊಡೆಯುವನು. ಒಂದು ನಿಮಿಷವೋ ಎರಡು ನಿಮಿಷವೋ ಹೆಚ್ಚಾದರೆ ಆಗಲಿ. "ಉಣ್ಣೋರ ತಟ್ಟೆ, ಹೇಳೋರ ಮಾತು, ಎರಡನ್ನೂ ಅರ್ಧಕ್ಕೆ ಕಿತ್ಕೋಬಾರದು ಕಣೆ," ಎಂದು ಹೆಂಡತಿಗೆ ಹೇಳಿದ್ದ.

ಅವರ ಒಬ್ಬಳೇ ಮಗಳು ಚಂದನ. ಬಿ.ಎಸ್ಸಿ. ಮಾಡಿಕೊಂಡು ಅದೇ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು. ಬಿ.ಎಡ್. ಇರಲಿಲ್ಲ. ಶಾಲೆಯಲ್ಲಿ ಪಾಠ ಮಾಡಿಕೊಂಡೇ ಎರಡು ವರ್ಷ ಓದುವ ಬಿ.ಎಡ್. ಒಂದಿತ್ತು. ರಜೆ ದಿನ ಬಿ.ಎಡ್. ಕಾಲೇಜಿಗೆ ಹೋಗಬೇಕು, ಮಿಕ್ಕ ದಿನ ಶಾಲೆಯೇ ಕಾಲೇಜು. ಅರ್ಜಿ ಹಾಕಿದವರ ಒಂದು ಪೂರ್ತಿ ಪಾಠವನ್ನು ಕಾಲೇಜಿನವರು ಬಂದು ಕೂತು ನೋಡುತ್ತಾರೆ. ನೋಡಿ ಒಂದು ಫಾರಂ ತುಂಬುತ್ತಾರೆ.

ಹೋದ ವರ್ಷವೂ ಬಂದು ನೋಡಿದ್ದರು. ಚಂದನಳದು ಒಂದು ಗುಣ. ಕೊನೇ ಬೆಂಚಿನವರಿಗೆ ತಿಳಿಯುವ ತನಕ ಮುಂದಕ್ಕೆ ಹೋಗುವುದಿಲ್ಲ. ಅವಳು ಕೊನೇ ಮಾತಿನಲ್ಲಿದ್ದಾಗ ಕರೆಂಟಿನ ಗಂಟೆ ಕಿರುಚಿತು. ಮಕ್ಕಳು ತಟ್ಟೆ ಹಿಡಿದು ಓಡಿದರು. ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು: "ಗಂಟೆಗೆ ಮುನ್ನ ಪಾಠ ಮುಗಿಯಿತೇ?" ಅದರ ಮುಂದೆ "ಇಲ್ಲ" ಎಂದು ಬಿತ್ತು. ಅರ್ಜಿ ವಾಪಸ್ ಬಂತು.

ಈ ವರ್ಷ ಹೆಡ್‌ಮಾಸ್ಟರ್ ಅಶೋಕ್ ನೇರವಾಗಿ ಹೇಳಿಬಿಟ್ಟಿದ್ದರು. "ನೋಡಮ್ಮ ಚಂದನ, ಬಿ.ಎಡ್.ಗೂ ಸೇರದೇ ಇರೋರನ್ನ ಮುಂದಿನ ಜೂನ್‌ನಿಂದ ಇಟ್ಕೊಳೋಕಾಗಲ್ಲ ಅಂತ ಕಮಿಟಿಯವರು ಅಂದವ್ರೆ. ಇದೇ ಕೊನೆ."

ಕಾಲೇಜಿನವರು ಬರುವ ದಿನ ಬೆಳಿಗ್ಗೆ ತಾಯಿ ಮಗಳು ಶಾಲೆಗೆ ನಡೆದುಕೊಂಡು ಹೋಗುತ್ತಿದ್ದರು. ರಾಗಿ ಹೊಲದ ಮೇಲೆ ಮಂಜು ಕೂತಿತ್ತು. ದಾರಿ ಹತ್ತು ಮಾರು ಆಚೆ ಕಾಣುತ್ತಿರಲಿಲ್ಲ.

"ಅಮ್ಮ, ಈ ಸಲ ಬೇಗ ಬೇಗ ಹೇಳಿ ಮುಗಿಸ್ಬಿಡ್ತೀನಿ."

"ಕೊನೇ ಬೆಂಚಿನೋರಿಗೆ?"

"ಅವರಿಗೆ ನಾಳೆ ಹೇಳ್ಕೊಡ್ತೀನಿ."

ಮುನಿವೆಂಕಟಮ್ಮ ಸೆರಗು ಹೊದ್ದುಕೊಂಡಳು. "ನಿಮ್ಮಪ್ಪ ಕೊನೇ ಬೆಂಚಲ್ಲಿ ಕೂತಿದ್ದೋರು. ನಾಳೆ ನಾಳೆ ಅಂತಾನೇ ಸ್ಕೂಲು ಬಿಟ್ರು."

ಚಂದನ ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

ಕಾಲೇಜಿನಿಂದ ಮುನೀಂದ್ರ ಎಂಬವರು ಬಂದರು. ನರೆತ ಮೀಸೆ, ಕಂಕುಳಲ್ಲಿ ಫೈಲು. ಊಟಕ್ಕೆ ಮುಂಚಿನ ನಲವತ್ತು ನಿಮಿಷದ ಪೀರಿಯಡ್ಡಿಗೆ ಹೋಗಿ ಹಿಂದೆ ಕೂತರು. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಅಶೋಕ್ ಅಡುಗೆಮನೆ ಬಾಗಿಲಿಗೆ ಬಂದರು.

"ಮುನಿವೆಂಕಟಮ್ಮ, ಕರೆಂಟ್ ಇಲ್ಲ, ಬೆಲ್ ಆಗಲ್ಲ. ಬೋಲ್ಟು ನಿಮ್ಮತ್ರಾನೇ ಇದೆಯಂತಲ್ಲ, ಹನ್ನೆರಡು ಐವತ್ತಕ್ಕೆ ನೀವೇ ಹೊಡೆದ್ಬಿಡಿ."

ಅವಳು ಮುಚ್ಚಳದ ಮೇಲಿನ ಬೋಲ್ಟನ್ನು ಸೆರಗಿನಲ್ಲಿ ಹಿಡಿದು ತೆಗೆದಳು. ಬಿಸಿ ಇತ್ತು. ಯಾರೋ ಈಗ ತಾನೇ ಕೈಯಿಂದ ಕೈಗೆ ಕೊಟ್ಟ ಹಾಗಿತ್ತು.

ಹನ್ನೆರಡು ಐವತ್ತಕ್ಕೆ ಮರದ ಕೆಳಗೆ ನಿಂತಳು. ಬಿಸಿಲು ಎಲೆಗಳ ಸಂದಿಯಿಂದ ಬಿದ್ದು ಕಂಬಿಯ ಮೇಲೆ ಆಡುತ್ತಿತ್ತು. ಕಿಟಕಿಯಲ್ಲಿ ಚಂದನ ಕಂಡಳು. ತೆಂಗಿನಮರ ಹತ್ತದೆ ಅದರ ಎತ್ತರ ಅಳೆಯುವುದು ಹೇಗೆ ಎಂದು ಹೇಳುತ್ತಿದ್ದಳು. ಕೋಲಿನ ನೆರಳು ಅಳೆಯಿರಿ, ಮರದ ನೆರಳು ಅಳೆಯಿರಿ. ಕೊನೇ ಬೆಂಚಿನ ಯಶಸ್ವಿನಿ ಎದ್ದು ನಿಂತಿದ್ದಳು.

"ಮಿಸ್, ನೆರಳು ಸಂಜೆಗೆ ಉದ್ದ ಆಗ್ತದಲ್ಲ? ಆಗ ಮರಾನೂ ಉದ್ದ ಆಗ್ತದಾ?"

ಮಕ್ಕಳೆಲ್ಲ ನಕ್ಕರು. ಚಂದನ ನಗಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಇತ್ತು. ಕಿಟಕಿಯ ಕಡೆ ಒಂದು ಸಲ ನೋಡಿದಳು. ಮತ್ತೆ ಬೋರ್ಡಿಗೆ ತಿರುಗಿ ಸಂಜೆಯ ಮರ ಬರೆದಳು, ಅದರ ಪಕ್ಕದಲ್ಲಿ ಸಂಜೆಯ ಕೋಲು ಬರೆದಳು.

ಮುನಿವೆಂಕಟಮ್ಮನ ಪಕ್ಕದಲ್ಲಿ ಖಾಕಿ ಅಂಗಿ ನಿಂತಿತ್ತು. ಅಂಗಿಗೆ ಬೀಡಿಯ ವಾಸನೆ ಇತ್ತು. ಇನ್ನೂ ಇಲ್ಲ ಕಣೆ ಎಂದಿತು. ಅವಳು ನಿಂತಳು.

"ಅಕ್ಕೋ, ಅನ್ನ ಆರಿಹೋಯ್ತದೆ, ಬಡಿ!" ಲಕ್ಕಮ್ಮ ಕೂಗಿದಳು. ಆ ಕೂಗು ಬಹಳ ದೂರದಿಂದ, ಕೆರೆಯ ಆಚೆ ದಡದಿಂದ ಬಂದ ಹಾಗೆ ಕೇಳಿಸಿತು.

"ಕೋಲಿನ ನೆರಳೂ ಅಷ್ಟೇ ಪಟ್ಟು ಉದ್ದ ಆಗ್ತದೆ! ಮರ ಇದ್ದಷ್ಟೇ ಇರ್ತದೆ ಮಿಸ್!" ಎಂದಳು ಯಶಸ್ವಿನಿ.

ಚಂದನ ಸೀಮೆಸುಣ್ಣ ಕೆಳಗಿಟ್ಟಳು.

ಮುನಿವೆಂಕಟಮ್ಮ ಹೊಡೆದಳು. ಢಣ್. ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದ ಕಂಬಿ. ಹೊಂಗೆಮರದ ಗೊರವಂಕಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಅವಳು ಮತ್ತೆ ಮತ್ತೆ ಹೊಡೆದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಬೇಕೆಂದೇ ತಡ ಮಾಡಿದಳೇ? ಇಲ್ಲ. ಅವಳಿಗೆ ಗೊತ್ತಿದ್ದದ್ದು ಅದೊಂದೇ ಗಂಟೆ.

ಮುನೀಂದ್ರ ತಟ್ಟೆ ಹಿಡಿದು ಅನ್ನದ ಸಾಲಿಗೆ ಬಂದರು. "ಏನಮ್ಮ, ಗಂಟೆ ಹೊಡೆದವರು ನೀವಾ? ನಾಲ್ಕು ನಿಮಿಷ ತಡ ಆಯ್ತಲ್ಲ."

ಆಗ ಅವಳಿಗೆ ಎಚ್ಚರವಾಯಿತು. ಮಗಳ ಬಾಳು ಕೆಡಿಸಿದೆನಲ್ಲ ಎಂದುಕೊಂಡಳು. ಸುಳ್ಳು ಹೇಳಲು ಬರಲಿಲ್ಲ. "ಸೀಮೆಸುಣ್ಣ ಕೆಳಗಿಟ್ಟ ಮೇಲೇ ಹೊಡೆಯೋದು ಸ್ವಾಮಿ. ನಮ್ಮೆಜಮಾನ್ರ ರೂಢಿ. ತಪ್ಪು ನಂದು, ಮಗೂದಲ್ಲ."

"ಆ ಮೇಡಂ ನಿಮ್ಮ ಮಗಳಾ?"

"ಹೂಂ."

ಅವರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ಫೈಲು ಬಿಚ್ಚಿದರು. ಬಹಳ ಹೊತ್ತು ಫಾರಂ ನೋಡಿದರು. ಅಶೋಕ್ ಪಕ್ಕಕ್ಕೆ ಬಂದು ನಿಂತರು.

"ಏನ್ ಸಾರ್ ಅಶೋಕ್, ಇಲ್ಲಿ ಗಂಟೆಗೆ ಮುನ್ನ ಅಂತ ಬರೆದವ್ರೆ. ಗಡಿಯಾರಕ್ಕೆ ಮುನ್ನ ಅಂತ ಬರೆದಿಲ್ಲ ಅಲ್ವಾ?"

"ಇಲ್ಲ ಸಾರ್."

"ಪಾಠ ಮುಗೀತು, ಆಮೇಲೆ ಗಂಟೆ ಆಯ್ತು. ನನ್ನ ಕಿವೀಲೇ ಕೇಳಿದೀನಿ." ಸಮಯದ ಕಡೆ ನಲವತ್ನಾಲ್ಕು ನಿಮಿಷ ಎಂದೇ ಬರೆದರು. ಪ್ರಶ್ನೆಯ ಮುಂದೆ "ಹೌದು" ಎಂದು ಬರೆದರು. "ಇನ್ನೊಂದು ಸೌಟು ಸಾರು ಹಾಕಮ್ಮ," ಎಂದರು.

ಒಂದು ತಿಂಗಳಾದ ಮೇಲೆ ಕಾಗದ ಬಂತು. ಚಂದನ ಅಡುಗೆಮನೆಯಲ್ಲೇ ನಿಂತು ಗಟ್ಟಿಯಾಗಿ ಓದಿದಳು. ಸೀಟು ಸಿಕ್ಕಿತ್ತು. ಲಕ್ಕಮ್ಮ ಸೌಟು ಎತ್ತಿ ಹೋ ಎಂದಳು. ಮುನಿವೆಂಕಟಮ್ಮ ಬೋಲ್ಟು ಹಿಡಿದು ನಿಂತಿದ್ದಳು.

"ಓದಿ ಮುಗೀತಾ ಮಗಾ?"

"ಮುಗೀತಮ್ಮ."

ಅವಳು ಬೋಲ್ಟನ್ನು ಮುಚ್ಚಳದ ಮೇಲಿಟ್ಟಳು. ಟಿಣ್ ಎಂದಿತು.