ಹೂಂ ಅನ್ನುವವರು

ಸ್ಟೇಶನ್ ಬಜಾರಿನ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಟೈಪ್ ಮಾಡುವವಳು. ಹಗಲೆಲ್ಲ ಊರವರ ಮದುವೆ ಕಾರ್ಡು, ಬಾಡಿಗೆ ಕರಾರು, ಶ್ರದ್ಧಾಂಜಲಿ. ಸಂಜೆ ಶಹಾಬಜಾರದ ಬಾಡಿಗೆ ಕೋಣೆಗೆ ಬಂದು, ರೊಟ್ಟಿ ತಟ್ಟಿಕೊಂಡು ಉಂಡು, ನನ್ನ ಸ್ವಂತ ಮಾತು ಟೈಪ್ ಮಾಡಲು ಕೂರುತ್ತೇನೆ. ಅದಕ್ಕೆ ಬ್ಲಾಗ್ ಎನ್ನುತ್ತಾರೆ. ನನಗೆ ಮದುವೆಯಾಗಲಿಲ್ಲ. ಯಾಕೆ, ಯಾಕೆ ಎಂದು ಪ್ರಾಣ ತಿನ್ನುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ಅವರ ಕಾಟವೂ ಒಂದು ಜೊತೆಯಾಗಿತ್ತೆಂದು ಅದು ನಿಂತ ಮೇಲೆ ತಿಳಿಯಿತು.

ಬ್ಲಾಗಿನಲ್ಲಿ ಬರೆಯುತ್ತಿದ್ದದ್ದು ನಮ್ಮ ಆಯಿಯ ಸಂಗತಿ. ಆಯಿ ಎಂದರೆ ಅಜ್ಜಿ. ಕಥೆ ಹೇಳುವಾಗ ಆಕೆಯದೊಂದು ಕಾಯ್ದೆಯಿತ್ತು. ಕೇಳುವವರು ಮಾತುಮಾತಿಗೂ ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಂತಿತು. "ಮಕ್ಕೊಂಡ್ಯೇನ?" ಎಂದು ಒಂದು ಸಲ ಕೇಳುವಳು. ಉತ್ತರ ಬಾರದಿದ್ದರೆ ರಾಜನನ್ನು ಕುದುರೆಯ ಮೇಲೆಯೇ ಬಿಟ್ಟು ಗೋಡೆಯ ಕಡೆ ಹೊರಳುವಳು. ಮರುದಿನ ಜಗಳ ಮಾಡಿದರೆ, "ಹೂಂ ಅನ್ನವ್ರಿಲ್ದ ಕಥಿ ಹೇಳಿದ್ರ ದೆವ್ವ ಕುಂತು ಕೇಳತಾವ" ಅನ್ನುವಳು.

ಬ್ಲಾಗಿನ ಮೊದಲ ಬರಹದಲ್ಲೇ ಈ ಕಾಯ್ದೆ ಬರೆದಿದ್ದೆ. ಅಲ್ಲಿಂದ ನನಗೂ ಹೂಂ ಅನ್ನುವವರು ಒಬ್ಬರಿದ್ದರು. ಯಾರೋ ಗೊತ್ತಿಲ್ಲ. ಹೆಸರಿಲ್ಲ, ಫೋಟೊ ಇಲ್ಲ, ಗಂಡೋ ಹೆಣ್ಣೋ ಅದೂ ತಿಳಿಯದು. ಪ್ರತಿ ಬರಹದ ಕೆಳಗೆ ಕಾಮೆಂಟಿನ ಜಾಗದಲ್ಲಿ ಒಂದೇ ಮಾತು: "ಹೂಂ." ಚೆಂದ ಇದೆ ಎಂದಲ್ಲ, ಅದ್ಭುತ ಎಂದಲ್ಲ. ಬರೀ ಹೂಂ. ಅದು ಕಂಡ ದಿನ ಒಂದು ರೊಟ್ಟಿ ಹೆಚ್ಚಿಗೆ ಇಳಿಯುತ್ತಿತ್ತು. ಸುಳ್ಳೇಕೆ ಹೇಳಲಿ, ನಾನು ಬರೆಯುತ್ತಿದ್ದದ್ದೇ ಆ ಹೂಂಗಾಗಿ.

ಹೀಗಿರುವಾಗ ಬ್ಲಾಗಿನ ಸಾಫ್ಟ್‌ವೇರಿಗೆ ಹೊಸ ಅಪ್‌ಡೇಟ್ ಬಂತು. ಪರದೆ ತೆರೆದರೆ ಸುಧಾರಣೆಗಳದೇ ಡಂಗುರ. ಹೊಸ ಅಕ್ಷರಗಳಂತೆ, ಕಣ್ಣಿಗೆ ತಂಪಾದ ಕಪ್ಪು ಪರದೆಯಂತೆ, ಕಾಗುಣಿತ ತಿದ್ದುವುದಂತೆ, ಓದುಗರು ಯಾವ ಊರಿನವರೆಂದು ತೋರಿಸುವ ನಕಾಶೆಯಂತೆ. ಕೆಳಗೆ ಇನ್ನೂ ಉದ್ದಕ್ಕಿತ್ತು. ಅದನ್ನೆಲ್ಲ ಓದುವ ತಾಳ್ಮೆ ಯಾರಿಗಿದೆ? ಒಪ್ಪಿಗೆ ಒತ್ತಿದೆ.

ಕಾಗುಣಿತದ ಪಂಡಿತ ನನ್ನ ಬರಹ ಕಂಡು ಹೌಹಾರಿದ. ಆಯಿ ಆಡಿದ ಮಾತಿಗೆಲ್ಲ ಕೆಂಪು ಗೆರೆ. "ಕುಂತಾಳ" ಎಂದು ಬರೆದರೆ "ಕುಂತಲ" ಇರಬೇಕಲ್ಲವೇ ಎಂದು ಕೇಳಿದ. "ಯಪ್ಪಾ, ಕುಂತಾಕಿ ನಮ್ಮ ಆಯಿ, ಕೂದ್ಲ ಅಲ್ಲ" ಎಂದು ಕೋಣೆಯಲ್ಲಿ ಗಟ್ಟಿಯಾಗಿಯೇ ಬೈದೆ. ಬೈಯಲಿಕ್ಕೆ ಒಬ್ಬರು ಸಿಕ್ಕರಲ್ಲ ಎಂದು ಖುಷಿಯೂ ಆಯಿತು.

ನಕಾಶೆ ಮಾತ್ರ ಮನಸ್ಸಿಗೆ ಬಂತು. ಅದರಲ್ಲಿ ಎರಡೇ ಚುಕ್ಕೆ. ಕಲಬುರಗಿಯದು ನಾನೇ. ಇನ್ನೊಂದು ಕಮಲಾಪುರ. ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಬರುವ ಊರು! ನನ್ನ ಹೂಂ ಇಷ್ಟು ಹತ್ತಿರದಿಂದ ಬರುತ್ತಿತ್ತೆಂದು ನಾನು ಎಣಿಸಿರಲಿಲ್ಲ.

ಆದರೆ ಆವತ್ತಿನಿಂದಲೇ ಹೂಂ ನಿಂತುಹೋಯಿತು. ಆಗತಾನೇ ಆಯಿಯ ಮದುವೆಯ ಕಥೆ ಶುರು ಮಾಡಿದ್ದೆ. ತಾಜಸುಲ್ತಾನಪುರದಿಂದ ಮದುಮಗಳನ್ನು ಕರೆತಂದ ಬಂಡಿ ನಮ್ಮ ಓಣಿಯ ಬಾಯಲ್ಲಿ ಸಿಕ್ಕಿಕೊಂಡಿತು. ಓಣಿ ಅಷ್ಟು ಇಕ್ಕಟ್ಟು. ನಡೆದು ಬಾ ಎಂದರೆ ಆಯಿ, "ಬಂಡಿ ಒಳಗ ಬಂದ್ರ ನಾನೂ ಬರತೀನಿ" ಎಂದು ಹಟ ಹಿಡಿದು ಕೂತಳು. ಇಷ್ಟು ಬರೆದು ಕಾದೆ. ಹೂಂ ಇಲ್ಲ. ಬೀಗರು ಕೈಮುಗಿದದ್ದು ಬರೆದೆ. ಇಲ್ಲ. ಎತ್ತುಗಳು ಸಗಣಿ ಹಾಕಿದ್ದೂ ಬರೆದೆ. ಅದಕ್ಕೂ ಇಲ್ಲ.

ಕಮಲಾಪುರದ ಚುಕ್ಕೆ ಮಾತ್ರ ಉರಿಯುತ್ತಲೇ ಇತ್ತು. ಅಂದರೆ ಓದುತ್ತಾರೆ, ಹೂಂ ಅನ್ನುವುದಿಲ್ಲ. ಆಯಿ ಹೇಳಿದ ದೆವ್ವ ನೆನಪಾಯಿತು. ಓದದೆ ಬಿಟ್ಟಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ನಾನು ಬರೆಯುವುದನ್ನೇ ನಿಲ್ಲಿಸಿದೆ. ಸಂಜೆ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಅಕ್ಕ, ನಾನು ಆಪಾ ಎನ್ನುವವರು, "ಖಾನಾ ಆತೇನ್ರಿ ಬಾಯಿ?" ಎಂದು ಕೇಳುತ್ತಾರೆ. "ಆತ್ರಿ ಆಪಾ" ಎನ್ನುತ್ತೇನೆ. ಎಷ್ಟೋ ದಿನ ನನ್ನ ಮನೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಒಂದು ರವಿವಾರ ತಡೆಯಲಾರದೆ ಕಮಲಾಪುರದ ಬಸ್ಸು ಹತ್ತಿದೆ. ಇಳಿದ ಮೇಲೆ ನನ್ನ ಹುಚ್ಚು ನನಗೇ ತಿಳಿಯಿತು. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರೂ ತಲೆ ಬಗ್ಗಿಸಿದವರೇ. ಯಾರ ಮುಂದೆ ನಿಂತು "ಹೂಂ ಅನ್ನವ್ರು ನೀವೇನ್ರಿ?" ಎಂದು ಕೇಳಲಿ? ಕೆಂಪು ಬಾಳೆಹಣ್ಣು ಮಾರುವಾಕೆ ನನ್ನನ್ನೇ ನೋಡುತ್ತಿದ್ದಳು.

"ಯಾರ್ನ ಹುಡುಕಾಕತ್ತೀರಿ ಯಕ್ಕಾ?"

"ಯಾರ್ನೂ ಇಲ್ರಿ."

"ಯಾರ್ನೂ ಇಲ್ಲಂದ್ರ ಹಿಂಗ್ಯಾಕ ಎಲ್ಲಾರ ಮಾರಿ ನೋಡಾಕತ್ತೀರಿ? ಹಣ್ಣರ ತಗೋರಿ."

ಒಂದು ಡಜನ್ ತೆಗೆದುಕೊಂಡೆ. ಒಬ್ಬಳೇ ತಿನ್ನುವವಳಿಗೆ ಅಷ್ಟು ಯಾಕೆ ಬೇಕಿತ್ತೋ.

ತಿರುಗಿ ಬರುವ ಬಸ್ಸಿನಲ್ಲಿ ಸಿಟ್ಟು ನೆತ್ತಿಗೇರಿತು. ಈ ಬ್ಲಾಗಿನ ಸಹವಾಸವೇ ಬೇಡ, ಮುಚ್ಚಿಬಿಡುತ್ತೇನೆ ಎಂದು ಮೊಬೈಲು ತೆಗೆದೆ. ಅಪ್‌ಡೇಟ್ ಆದಮೇಲೆ ಯಾವ ಗುಂಡಿಯೂ ಇದ್ದಲ್ಲಿಲ್ಲ, ಯಾರೋ ಬಂದು ನನ್ನ ಅಡುಗೆಮನೆಯ ಡಬ್ಬಿಗಳನ್ನು ಅದಲುಬದಲು ಮಾಡಿಹೋದ ಹಾಗೆ. ಮುಚ್ಚುವ ಗುಂಡಿ ಹುಡುಕುತ್ತ ಇನ್ನಾವುದನ್ನೋ ಒತ್ತಿದೆ. "ಕಸ" ಎಂಬ ಪುಟ ತೆರೆಯಿತು. ಮೇಲೆ ಹೀಗಿತ್ತು: "ಹೊಸ ಸುಧಾರಣೆ. ತೀರ ಚಿಕ್ಕದಾದ, ಒಂದೇ ಬಗೆಯ ಕಾಮೆಂಟುಗಳನ್ನು ಯಂತ್ರ ಕಳಿಸಿದವೆಂದು ತಿಳಿದು ತಾನಾಗಿಯೇ ಇಲ್ಲಿ ಹಾಕಲಾಗುತ್ತದೆ. ಆ ವಿಳಾಸದಿಂದ ಮುಂದೆ ಬರುವುದೆಲ್ಲವೂ ಇಲ್ಲಿಗೇ."

ಕೆಳಗೆ ನನ್ನ ಹೂಂಗಳೆಲ್ಲ ಬಿದ್ದಿದ್ದವು. ಬಂಡಿ ಸಿಕ್ಕಿಕೊಂಡದ್ದಕ್ಕೆ ಹೂಂ. ಬೀಗರು ಕೈಮುಗಿದದ್ದಕ್ಕೆ ಹೂಂ. ಸಗಣಿಗೂ ಹೂಂ. ನಮ್ಮ ಕಡೆ ಹೂಂ ಅನ್ನಲು ಒಂದು ಜೀವವೇ ಬೇಕೆಂದು ಆ ಸಾಫ್ಟ್‌ವೇರಿಗೆ ಯಾರು ಹೇಳಬೇಕು? ನಾನು ಬರೆಯುವುದು ನಿಲ್ಲಿಸಿದ ಮೇಲೂ ಅವರು ನಿಲ್ಲಿಸಿರಲಿಲ್ಲ. "ಹೂಂ?" ಎಂದು ಕೇಳಿದ್ದರು. ಆಮೇಲೆ, "ಹೂಂರಿ, ಮುಂದ?" ಆಮೇಲೆ, "ಮದಿಮಗಳ್ನ ಬಂಡ್ಯಾಗ ಕುಂದ್ರಿಸಿ ಎಲ್ಲಿ ಹೋದ್ರಿ?" ಎಲ್ಲವೂ ಕಸ. ಕಡೆಯದು ಅದೇ ದಿನ ಬೆಳಿಗ್ಗೆ ಬಂದಿತ್ತು:

"ನಾ ಇನ್ನಾ ಮಕ್ಕೊಂಡಿಲ್ರಿ."

ಬಸ್ಸಿನಲ್ಲಿ ಜನರಿದ್ದರು. ಇದ್ದರೆ ಇರಲಿ ಎಂದು ಅತ್ತೆ. ಪಕ್ಕದಲ್ಲಿ ಕೂತಾಕೆ ಏನಾಯಿತೆಂದು ಕೇಳದೆ ಸರಿದು ಜಾಗ ಕೊಟ್ಟಳು. ಅವಳ ಮಡಿಲಿಗೆ ಎರಡು ಬಾಳೆಹಣ್ಣು ಹಾಕಿದೆ. ಕಣ್ಣೊರೆಸಿಕೊಂಡು ಆ ಒಂದು ಸಾಲನ್ನು ಕಸದಿಂದ ಎತ್ತಿ ಕಾಮೆಂಟಿನ ಜಾಗದಲ್ಲಿ ಇಟ್ಟು, ಅದರ ಕೆಳಗೆ ನಾನೂ ಮೊದಲ ಸಲ ಬರೆದೆ:

"ಹೂಂ."

ಆಮೇಲೆ ಆಯಿಯನ್ನು ಬಂಡಿಯಿಂದ ಇಳಿಸಲು ಶುರುಮಾಡಿದೆ.