ಹೆಸರು ಮೇಲೆ ಇರಬೇಕು

"ಇಂಥ ಹುಡುಗಿ ನಿಜವಾಗಿ ಇದ್ದಾಳೇನಮ್ಮಾ?" ಎಂದು ನಮ್ಮ ಕನ್ನಡ ಬಳಗದ ಅಧ್ಯಕ್ಷರು ಫೋನಿನಲ್ಲಿ ಕೇಳಿದಾಗ ಆ ಹುಡುಗಿ ನನ್ನಿಂದ ಮೂರಡಿ ದೂರದಲ್ಲಿ ನಿಂತು ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಳು.

"ಇದ್ದಾಳೆ ಅಂಕಲ್."

"ನೋಡು, ನನ್ನ ಹತ್ರ ಮುಚ್ಚುಮರೆ ಬೇಡ. ಲೇಖನ ನೀನೇ ಬರ್ದಿದೀಯ. ಚೆನ್ನಾಗೇ ಬರ್ದಿದೀಯ. ಆದ್ರೆ ಯಾವಳೋ ಆಫ್ರಿಕಾದವಳ ಹೆಸರು ಹಾಕಿ ನಮ್ಮ ಸಾಹೇಬ್ರನ್ನ ಬೈಯೋದು ಸರಿಯಲ್ಲ."

ಅದು ಅನುವಾದ ಎಂದೆ. ಅವರು ನಕ್ಕರು. ಶನಿವಾರ ಮಧ್ಯಾಹ್ನ ಮೂರಕ್ಕೆ ತಮ್ಮ ಮನೆಯಲ್ಲಿ ಸಮಿತಿ ಸಭೆ, ಆಗ ಮಾತಾಡೋಣ ಎಂದು ಫೋನಿಟ್ಟರು. ನನಗೆ ಸಿಟ್ಟು ತಡವಾಗಿ ಬರುತ್ತದೆ. ಅವತ್ತು ಸಂಜೆ ಬಟ್ಟೆ ಮಡಿಸುತ್ತಿರುವಾಗ ಬಂತು.

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ, ಅವಳದನ್ನೂ. ಇದು ನನ್ನ ನೆನಪು. ಇದರೊಳಗೆ ಬರುವವರನ್ನು ಕೇಳದೆ ಅವರ ಹೆಸರು ಬಳಸುವ ಅಭ್ಯಾಸ ನನಗಿಲ್ಲ. ಆದರೆ ಆ ಲೇಖನ ಅವಳದು. ಅದರ ವಿಷಯ ಬೇರೆ.

ಈ ಪರದೇಶದ ನಗರದ ರಿಕ್ಕರ್ಟನ್ ಬಡಾವಣೆಯಲ್ಲಿ ನಾವಿಬ್ಬರೂ ಒಂದೇ ಫ್ಲ್ಯಾಟಿನಲ್ಲಿದ್ದೆವು. ಅವಳು ಪೂರ್ವ ಆಫ್ರಿಕಾದ ಒಂದು ಸರೋವರದ ದಂಡೆಯ ಜಿಲ್ಲೆಯವಳು. ಸಾರ್ವಜನಿಕ ಆಡಳಿತ ಓದಲು ಬಂದಿದ್ದಳು, ನಾನು ಅಂಕಿಅಂಶ ಓದಲು. ಓದು ಮುಗಿದು ಇಬ್ಬರಿಗೂ ಕೆಲಸ ಸಿಕ್ಕ ಮೇಲೂ ಅದೇ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವಳು ಅಡುಗೆಮನೆಯ ಮೇಜಿನಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಒಂದು ಗಂಟೆ ಬರೆಯುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಮಿಕ್ಸಿ ಹಾಕುತ್ತಿರಲಿಲ್ಲ. ನಮ್ಮ ಸ್ನೇಹದ ಬಹುಪಾಲು ಅಷ್ಟೇ.

ಊರಿನಲ್ಲಿ ಅವಳು ಜಿಲ್ಲಾ ಪರಿಷತ್ತಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಸಭೆಯ ನಡವಳಿ ಬರೆಯುವುದು ಅವಳ ಕೆಲಸ. ಸಭೆಯಲ್ಲಿ ಆಡಿದ ಮಾತುಗಳ ಜೊತೆಗೆ, ಆಡಬೇಕಾಗಿತ್ತು ಎಂದು ಅಲ್ಲಿನ ಅಧ್ಯಕ್ಷರಿಗೆ ಆಮೇಲೆ ಹೊಳೆದ ಮಾತುಗಳನ್ನೂ ಬರೆಯಬೇಕಿತ್ತು. ಹಾಗೆ ಬರೆದು ಬರೆದು ಬೇಸತ್ತು, ರಾಜಧಾನಿಯ ಒಂದು ಪತ್ರಿಕೆಗೆ ನಿಜವಾಗಿ ನಡೆದದ್ದನ್ನು ಬರೆಯತೊಡಗಿದಳು, ಇಲ್ಲದ ಒಬ್ಬ ಗಂಡಸಿನ ಹೆಸರಿನಲ್ಲಿ. ಎರಡು ವರ್ಷ ಜನ ಆ ಗಂಡಸನ್ನು ಹೊಗಳಿದರು. ಒಂದು ದಿನ ಆ ಅಧ್ಯಕ್ಷರು ಪತ್ರಿಕೆಯನ್ನು ಮೇಜಿಗೆ ಬಡಿದು, ಇದಕ್ಕೆ ಉತ್ತರ ಹೇಳುತ್ತೇನೆ, ಬರೆದುಕೋ ಎಂದರು. ಅವಳು ಬರೆದುಕೊಂಡು ಒಂದೂ ತಪ್ಪಿಲ್ಲದೆ ಟೈಪ್ ಮಾಡಿ ಕೊಟ್ಟಳು.

"ನಾನು ಸುಳ್ಳುಗಾರ ಅಂತ ನಾನೇ ಟೈಪ್ ಮಾಡಿದೆ. ಹೇಡಿ ಅಂತಲೂ ಮಾಡಿದೆ. ಸುಳ್ಳುಗಾರ ಅನ್ನೋದು ತಾಗಲಿಲ್ಲ" ಎಂದಿದ್ದಳು.

ಅಂದಿನಿಂದ ಅವಳದೊಂದು ನಿಯಮ. ಬರೆದದ್ದರ ಮೇಲೆ ಅವಳ ಸ್ವಂತ ಹೆಸರು ಇರಬೇಕು. ಕೊನೆಯಲ್ಲಲ್ಲ, ಮೇಲೆ, ತಲೆಬರಹದಷ್ಟೇ ದಪ್ಪ ಅಕ್ಷರದಲ್ಲಿ.

ನಮ್ಮದು ಕೆಲವು ಮನೆಗಳವರು ಸೇರಿ ಮಾಡಿಕೊಂಡ ಪುಟ್ಟ ಕನ್ನಡ ಬಳಗ. ರಾಜ್ಯೋತ್ಸವಕ್ಕೆ ಪ್ರತಿವರ್ಷ ಒಂದು ಸಂಚಿಕೆ ತರುತ್ತೇವೆ. ಮಕ್ಕಳ ಚಿತ್ರ, ಎರಡು ಬಗೆಯ ಹೋಳಿಗೆ ಮಾಡುವ ವಿಧಾನ, ಎಲ್ಲಿಂದಲೋ ಎತ್ತಿ 'ಸಂಗ್ರಹ' ಎಂದು ಕೆಳಗೆ ಹೆಸರು ಹಾಕಿಕೊಂಡ ಆರೋಗ್ಯ ಸಲಹೆಗಳು. ನನ್ನನ್ನು ಸಂಪಾದಕಿ ಮಾಡಿದ್ದು ನನಗೆ ಕನ್ನಡ ಟೈಪಿಂಗ್ ಬರುತ್ತದೆ ಮತ್ತು ನಾನು ಜಗಳ ಆಡುವುದಿಲ್ಲ ಎಂದು. ಆ ವರ್ಷ ಅವಳ ಒಂದು ಲೇಖನವನ್ನು ಕನ್ನಡಕ್ಕೆ ತರಲೇ ಎಂದು ಕೇಳಿದೆ.

"ಯಾರು ಓದುತ್ತಾರೆ?"

"ಇನ್ನೂರು ಜನಕ್ಕೆ ಕೊಡ್ತೀವಿ. ಅರ್ಧ ಜನ ಫೋಟೋ ಮಾತ್ರ ನೋಡ್ತಾರೆ."

"ನೂರು ಓದುಗರು!" ಎಂದಳು. "ಮಾಡು."

ಲೇಖನ ಒಂದು ಹೆರಿಗೆ ಆಸ್ಪತ್ರೆಯ ಕುರಿತು. ಅಡಿಗಲ್ಲಿಗೊಂದು, ಚಾವಣಿಗೊಂದು, ಬಣ್ಣಕ್ಕೊಂದು ಎಂದು ಅದಕ್ಕೆ ಮೂರು ಸಲ ಸಮಾರಂಭ ನಡೆಯಿತು. ಮೂರನೆಯ ಸಲ ಸಚಿವರು ಬರುವವರಿದ್ದರು. ಪಟ್ಟಣದ ಆಸ್ಪತ್ರೆಯಿಂದ ಒಂದು ಮಂಚ, ಒಂದು ದಿಂಬು, ಒಬ್ಬಳು ನರ್ಸ್, ಮೂರನ್ನೂ ಪಿಕಪ್ಪಿನಲ್ಲಿ ತಂದರು. ಹತ್ತಿರದ ಊರಿನ ಒಬ್ಬ ತುಂಬು ಬಸುರಿಯನ್ನು ಕರೆತಂದು ಮಂಚದ ಮೇಲೆ ಮಲಗಿಸಿ ಫೋಟೋ ತೆಗೆದರು. ಸಂಜೆ ಮಂಚ, ದಿಂಬು, ನರ್ಸ್ ಮೂರೂ ವಾಹನದಲ್ಲಿ ವಾಪಸ್ಸು ಹೋದವು. ಬಸುರಿ ನಡೆದುಕೊಂಡು ಮನೆಗೆ ಹೋದಳು. ಲೇಖನ ಅಲ್ಲಿಗೆ ಮುಗಿಯುತ್ತಿತ್ತು. ಅದರಲ್ಲಿ ದೇಶದ ಹೆಸರಿರಲಿಲ್ಲ, ಸಚಿವರ ಹೆಸರೂ ಇರಲಿಲ್ಲ. ಅಲ್ಲಿದ್ದವರಿಗೆ ಯಾರೆಂದು ಗೊತ್ತು, ಅಲ್ಲಿರದವರಿಗೆ ಹೆಸರು ಬೇಕಾಗಿಲ್ಲ ಎನ್ನುವುದು ಅವಳ ವಾದ.

ತೊಂದರೆ ಏನೆಂದರೆ, ಆ ಸಲ ನಮ್ಮ ರಾಜ್ಯೋತ್ಸವಕ್ಕೆ ಕರ್ನಾಟಕದ ಒಬ್ಬ ಮಾಜಿ ಸಚಿವರು ಮುಖ್ಯ ಅತಿಥಿ. ಇಲ್ಲಿರುವ ಮಗಳ ಮನೆಗೆ ಬಂದಿದ್ದರು. ಸಂಚಿಕೆಯ ಮೊದಲ ಪುಟದಲ್ಲಿ ಅವರ ಫೋಟೋ ಮತ್ತು ಶುಭಾಶಯ ಪತ್ರ. ತಮ್ಮ ತಾಲ್ಲೂಕಿನಲ್ಲಿ ತಾವು ಉದ್ಘಾಟಿಸಿದ ಆಸ್ಪತ್ರೆಗಳ ಬಗ್ಗೆ ಅದರಲ್ಲಿ ಅವರು ಒಂದಿಡೀ ಪ್ಯಾರಾ ಬರೆದಿದ್ದರು. ಅಧ್ಯಕ್ಷರು ಅದೇ ತಾಲ್ಲೂಕಿನವರು.

ಶನಿವಾರ ನಾನು ಅವಳನ್ನು ಕರೆದುಕೊಂಡೇ ಹೋದೆ. ವಾಯವ್ಯದ ಬಿಸಿಗಾಳಿ ಬೀಸುತ್ತಿತ್ತು. ಅಧ್ಯಕ್ಷರ ಮನೆಯ ಗಾಜಿನ ಬಾಗಿಲು ಪಟಪಟ ಬಡಿದುಕೊಳ್ಳುತ್ತಿತ್ತು. ಅವಳನ್ನು ಕಂಡು ಅವರು ಎದ್ದು ನಿಂತರು. ಕೈಕುಲುಕಿದರು. ಚುರುಮುರಿ ಬಡಿಸಿದರು, ಖಾರ ಆಯಿತೇ ಎಂದು ಎರಡು ಸಲ ಕೇಳಿದರು. ಅವರು ಕೆಟ್ಟವರಲ್ಲ. ನಾನು ಹೊಸದಾಗಿ ಬಂದಾಗ ಹಾಸಿಗೆ, ಕುಕ್ಕರ್ ಎರಡನ್ನೂ ತಮ್ಮ ಕಾರಿನಲ್ಲೇ ತಂದುಕೊಟ್ಟಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"ಸರಿ, ಇದ್ದಾಳೆ. ಒಪ್ಕೊಂಡೆ. ಆದ್ರೆ ಇದನ್ನ ಓದಿದ ಯಾರಿಗೂ ಆಫ್ರಿಕಾ ನೆನಪಾಗಲ್ಲ ಕಣಮ್ಮಾ."

ನಾನು ಅವಳಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಚೀಲದಿಂದ ಪೆನ್ನು ತೆಗೆದು, ಲೇಖನದ ಕನ್ನಡ ಪ್ರತಿಯ ಜೊತೆ ಅವರ ಮುಂದಿಟ್ಟಳು. ಯಾವ ಸಾಲುಗಳು ನಿಮ್ಮ ಅತಿಥಿಯ ಬಗ್ಗೆ ಇವೆಯೋ ಅವುಗಳಿಗೆ ಗುರುತು ಹಾಕಿ ಎಂದಳು.

ಅವರು ಕನ್ನಡಕ ಹಾಕಿಕೊಂಡು ಶ್ರದ್ಧೆಯಿಂದ ಗುರುತು ಹಾಕಿದರು. ಮೂರು ಸಮಾರಂಭ. ಮಂಚ. ದಿಂಬಿಗೂ ಒಂದು. ಸಮಿತಿಯವರೆಲ್ಲ ಬಗ್ಗಿ ನೋಡಿದರು.

"ಅಣ್ಣಾ, ಇಷ್ಟೆಲ್ಲಾ ಸಾಹೇಬ್ರು ಮಾಡಿದಾರೆ ಅಂತ ಈಗ ನೀವೇ ಹೇಳ್ತಿದೀರಲ್ಲ!" ಎಂದು ಯಾರೋ ನಕ್ಕರು. ಅಧ್ಯಕ್ಷರು ಪೆನ್ನಿನ ಕ್ಯಾಪ್ ಹಾಕಿದರು.

"ನಮ್ಮ ಬಳಗದಲ್ಲಿ ರಾಜಕೀಯ ಬೇಡ ಅಂತ ಮೊದಲಿಂದಲೂ ಇದೆ."

"ಮೊದಲ ಪುಟದಲ್ಲೇ ಅವರ ಫೋಟೋ ಇದೆಯಲ್ಲ ಅಂಕಲ್" ಎಂದೆ.

"ಅದು ಶುಭಾಶಯ."

ಆಮೇಲೆ ರಾಜಿಯ ಮಾತು ಶುರುವಾಯಿತು. ಆ ದೇಶದ ಹೆಸರನ್ನು ದೊಡ್ಡದಾಗಿ ಹಾಕಿಬಿಡೋಣ, ಯಾರಿಗೂ ಅನುಮಾನ ಬರುವುದಿಲ್ಲ ಎಂದರು. ಅವಳು ಬೇಡವೆಂದಳು. ಹೆಸರು ಹಾಕಿದರೆ ನೀವೆಲ್ಲ ನಿಮ್ಮದಲ್ಲ ಎಂದು ನಿರಾಳವಾಗುತ್ತೀರಿ, ನಾನು ಅದಕ್ಕಾಗಿ ಬರೆದದ್ದಲ್ಲ ಎಂದಳು. ಮಂಚದ ಪ್ಯಾರಾ ತೆಗೆಯೋಣ ಎಂದರು. ಬೇಡ. ಕೊನೆಗೆ ಅಧ್ಯಕ್ಷರು ನನಗೆ ಮಾತ್ರ ಕೇಳುವಂತೆ ಹೇಳಿದರು: "ಅವಳ ಹೆಸರು ಬಿಟ್ಟುಬಿಡು. ಕೆಳಗೆ 'ಸಂಗ್ರಹ' ಅಂತ ನಿನ್ನ ಹೆಸರು ಹಾಕು. ಯಾರು ಕೇಳ್ತಾರೆ?"

ಇದನ್ನು ಅವಳಿಗೆ ಹೇಳದೆ ಬಿಡಬಹುದಿತ್ತು. ಹೇಳಿದೆ. ಅವಳು ನನ್ನನ್ನು ನೋಡಿದಳು. ಉತ್ತರ ನಾನು ಕೊಡಬೇಕಿತ್ತು.

"ಆಗಲ್ಲ ಅಂಕಲ್. ನಾನು ಬರ್ದಿಲ್ಲ."

ಆಗ ಮೂಲೆಯಲ್ಲಿ ಕೂತಿದ್ದ ಆಂಟಿಯೊಬ್ಬರು ಬಾಯಿಬಿಟ್ಟರು. ರಾಯಚೂರು ಕಡೆಯವರು, ಇಪ್ಪತ್ತು ವರ್ಷದಿಂದ ಇಲ್ಲಿ ನರ್ಸ್. ಸಭೆಗಳಲ್ಲಿ ಊಟದ ಲೆಕ್ಕಾಚಾರ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಾ ಒಂದ ಮಾತ ಹೇಳ್ಲೇನು? ನಾ ಕೆಲಸಕ್ಕ ಸೇರಿ ಎಂಟ ತಿಂಗಳಾಗಿತ್ತು. ಮುಂಜಾನಿ ಜೀಪ ಬಂತು. ಯೂನಿಫಾರ್ಮ್ ಇಸ್ತ್ರಿ ಮಾಡಿ ಹಾಕ್ಕೊಂಡ ಬಾ ಅಂದ್ರು. ಹೊಸಾ ದವಾಖಾನಿ, ಬಣ್ಣದ ವಾಸನಿ ಇನ್ನೂ ಹೋಗಿರಲಿಲ್ಲ. ಮಂಚದ ಬಾಜೂಕ ನಿಂದ್ರಿಸಿ ಫೋಟೋ ತೆಗೆದ್ರು. ಸಂಜೀಕ ವಾಪಸ್ ಬಿಟ್ರು."

"ಎಲ್ಲಾ ಕಡೆ ಇದೆ ಬಿಡಿ ಇದು" ಎಂದರು ಅಧ್ಯಕ್ಷರು.

"ತಡೀರಿ, ಮುಗದಿಲ್ಲ. ಮರುದಿನ ಆ ಊರಾಕಿ ಒಬ್ಬಾಕಿ ಹಡಿಯೋ ಬ್ಯಾನಿ ತಿನ್ಕೋತ ಆ ದವಾಖಾನಿಗೆ ಹೋಗ್ಯಾಳ. ಬೀಗ. ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡ ನಮ್ಮ ಕಡೆ ತಂದ್ರು. ನನ್ನ ನೋಡಿ ಆಕಿ, 'ಯಕ್ಕಾ, ನಿನ್ನೆ ನೀನ ಇದ್ದೆಲ್ಲಾ ಅಲ್ಲಿ' ಅಂದ್ಲು."

ಆ ಹೆಂಗಸಿಗೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಆಂಟಿಯೂ ಹೇಳಲಿಲ್ಲ. ಮಡಿಲಲ್ಲಿದ್ದ ಚುರುಮುರಿಯ ಬಟ್ಟಲನ್ನು ಕೆಳಗಿಟ್ಟರು.

"ಈ ಹುಡುಗಿ ಅದನ್ನ ಬರದಾಳ. ಇದನ್ನ ತೆಗೀರಿ ಅಂದ್ರ, ನಾನೂ ಅಲ್ಲಿ ನಿಂತಿರಲಿಲ್ಲ ಅಂದಂಗಾತು. ನಾ ನಿಂತಿದ್ದೆ."

ಅಧ್ಯಕ್ಷರು ಕನ್ನಡಕ ತೆಗೆದು ಜೇಬಿಗಿಟ್ಟರು. ಆಮೇಲೆ, ಮುಂದಿನ ವರ್ಷ ಹಾಕೋಣ, ಈ ಸಲ ಮನೆಗೆ ಬಂದ ಅತಿಥಿಗೆ ಮುಜುಗರ ಬೇಡ ಎಂದರು. ಕೈ ಎತ್ತಿಸಿದರು. ಲೇಖನ ಬೇಡ ಎನ್ನಲು ಐದು ಕೈ. ಬೇಕು ಎನ್ನಲು ಆಂಟಿಯದು ಮತ್ತು ನನ್ನದು. ಹಿರಿಯರೆದುರು ನಾನು ಕೈ ಎತ್ತಿದ್ದು ಅದೇ ಮೊದಲು. ಎಣಿಸಿ ಮುಗಿಯುವವರೆಗೂ ಇಳಿಸಲಿಲ್ಲ.

"ಸಂಚಿಕೆಯ ಪುಟಗಳ ಕೆಲಸ ಒಪ್ಕೊಂಡಿದೀನಿ, ಮುಗಿಸಿಕೊಡ್ತೀನಿ ಅಂಕಲ್" ಎಂದೆ. "ಸಂಪಾದಕಿ ಅಂತ ನನ್ನ ಹೆಸರು ಮಾತ್ರ ಬೇಡ. ಈ ಲೇಖನ ನಾವೇ ಪ್ರಿಂಟ್ ಮಾಡಿಸಿ ಅವತ್ತು ಬಾಗಿಲಲ್ಲಿ ಹಂಚ್ತೀವಿ."

"ಬಾಗಿಲಲ್ಲಿ? ನೀನಾ?"

ಆ ಅಚ್ಚರಿ ನ್ಯಾಯವಾದದ್ದೇ. ಪ್ರತಿ ಕಾರ್ಯಕ್ರಮದಲ್ಲೂ ನಾನು ಅಡುಗೆ ಕೋಣೆಯಲ್ಲಿ ಲೋಟ ಒರೆಸುತ್ತಾ ಇರುವವಳು.

"ನಾನೇ."

"ಹಾಲ್ ನಾವು ಬುಕ್ ಮಾಡಿರೋದಮ್ಮ."

"ಹಾಗಾದ್ರೆ ಗೇಟಿನ ಹೊರಗೆ ನಿಂತ್ಕೋತೀವಿ. ಫುಟ್‌ಪಾತ್ ಎಲ್ಲರದ್ದೂ."

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳು ಹೇಳಿದಳು: "ನಮ್ಮ ಪರಿಷತ್ತಿನಲ್ಲಿ ನಾಲ್ಕು ವರ್ಷ ನಡವಳಿ ಬರೆದೆ. ಅಧ್ಯಕ್ಷರಿಗೆ ಬೇಡದ ಕಡೆ ಒಂದು ಕೈ ಎದ್ದದ್ದನ್ನೂ ನೋಡಲಿಲ್ಲ. ಇವತ್ತು ಎರಡು."

ರಾಜ್ಯೋತ್ಸವದ ದಿನ ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರೂ ಹಾಲ್ ಇದ್ದ ಶಾಲೆಯ ಗೇಟಿನ ಹೊರಗೆ ನಿಂತೆವು. ಮಡಚಿದ ಒಂದೊಂದು ಹಾಳೆ. ಮೇಲೆ ಅವಳ ಹೆಸರು ಕನ್ನಡದಲ್ಲಿ, ತಲೆಬರಹದಷ್ಟೇ ದಪ್ಪ. ಅನುವಾದಕಿಯಾಗಿ ನನ್ನದು ಕೆಳಗೆ, ಸಣ್ಣದಾಗಿ. ಮಂಚ, ದಿಂಬು, ನರ್ಸ್ ಎಲ್ಲ ಇದ್ದವು. ರೇಷ್ಮೆ ಸೀರೆ ಉಟ್ಟ ಆಂಟಿ ಬಂದು ಕೇಳದೆಯೇ ಒಂದು ಕಟ್ಟು ತೆಗೆದುಕೊಂಡು, ಕಾರು ನಿಲ್ಲಿಸುವ ಕಡೆಗೆ ಹೋದರು. ಕೆಲವರು ನೋಡದಂತೆ ದಾಟಿದರು. ಹೆಚ್ಚಿನವರು ಊಟದ ಮೆನು ಎಂದುಕೊಂಡು ತೆಗೆದುಕೊಂಡರು.

ಮಾಜಿ ಸಚಿವರು ಬಂದಾಗ ಅಧ್ಯಕ್ಷರು ಅವರ ಹಿಂದೆಯೇ ಇದ್ದರು. ಅವಳು ಹಾಳೆ ಚಾಚಿದಳು. ಅವರು ಅವಳ ಮುಖ ನೋಡದೆ, ನಗುತ್ತಾ, ನಡಿಗೆ ನಿಲ್ಲಿಸದೆ ಅದನ್ನು ತೆಗೆದುಕೊಂಡು ಹಿಂದಕ್ಕೆ ಅಧ್ಯಕ್ಷರ ಕೈಗೆ ದಾಟಿಸಿದರು. ಮನವಿ ಪತ್ರ ಎಂದುಕೊಂಡಿರಬೇಕು. ಎಷ್ಟು ವರ್ಷಗಳ ಅಭ್ಯಾಸವೋ.

ಅವಳು ಎರಡು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಹಾಳೆ ಹಿಡಿದಳು. "ಸರ್, ಇದು ನಿಮ್ಮ ಹತ್ತಿರ ಏನನ್ನೂ ಕೇಳುವ ಪತ್ರ ಅಲ್ಲ" ಎಂದಳು ಇಂಗ್ಲಿಷಿನಲ್ಲಿ. "ನಾನು ಬರೆದದ್ದು. ನನಗೆ ನಿಮ್ಮ ಲಿಪಿ ಓದಲು ಬರುವುದಿಲ್ಲ. ಮೇಲೆ ನನ್ನ ಹೆಸರಿದೆ. ಸರಿಯಾಗಿ ಬಂದಿದೆಯೇ, ಓದಿ ಹೇಳುತ್ತೀರಾ?"

ಅವರು ನಿಂತರು. ಮಾಜಿ ಸಚಿವರು ಹಾಳೆಯನ್ನು ದೂರಕ್ಕೆ ಹಿಡಿದು, ಆಮೇಲೆ ಹತ್ತಿರಕ್ಕೆ ಹಿಡಿದು, ಅವಳ ಹೆಸರನ್ನು ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದಿದರು. ನಡುವೆ ಒಂದು ಕಡೆ ತಪ್ಪಿದರು. ಅವಳು ತಿದ್ದಿದಳು. ಅವರು ಮತ್ತೆ ಓದಿದರು. ಈ ಸಲ ಸರಿಯಾಗಿತ್ತು. ಹಾಳೆ ಅವರ ಕೈಯಲ್ಲೇ ಇತ್ತು, ಕಣ್ಣು ಮೊದಲ ಸಾಲಿಗೆ ಇಳಿದಿತ್ತು. ಅವರ ಹಿಂದೆ ಬರುತ್ತಿದ್ದವರಿಗೆ ನಾನು ಮುಂದಿನ ಹಾಳೆ ಕೊಟ್ಟೆ.